ಹಳೆಯ ದೋಣಿ ಮೋಟಾರು ಚಳಿಯ ಬೆಳಗಿನಲ್ಲಿ ಸ್ಟಾರ್ಟ್ ಆಗದಿದ್ದರೆ: ದೋಷ ಹುಡುಕುವ ಕ್ರಮ

ಡಿಸೆಂಬರ್, ಜನವರಿಯ ಮುಂಜಾನೆ ಕೆರೆಯ ಏರಿಯ ಬಳಿ ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಮೋಟಾರಿನ ಹಗ್ಗ ಎಳೆದೆಳೆದು ಭುಜ ಸೋತವರು ಮೊದಲು ದೂರುವುದು ಚಳಿಯನ್ನು. ಚಿಕ್ಕಬಳ್ಳಾಪುರದ ಸುತ್ತ ಆ ಹೊತ್ತಿಗೆ ಉಷ್ಣಾಂಶ ಹದಿನೈದು ಡಿಗ್ರಿಗಿಂತ ಕೆಳಗಿರುವುದು ನಿಜ, ನೀರಿನ ಮೇಲೆ ಮಂಜು ಕವಿದಿರುವುದೂ ನಿಜ. ಆದರೆ ಅಷ್ಟು ಚಳಿಗೆ ಆರೋಗ್ಯವಾಗಿರುವ ಟೂ-ಸ್ಟ್ರೋಕ್ (ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ) ಮೋಟಾರು ಮಣಿಯುವುದಿಲ್ಲ. ಮಂಜುಗಡ್ಡೆ ಕಟ್ಟುವ ದೇಶಗಳ ಸರೋವರಗಳಲ್ಲಿ ಇದೇ ಬಗೆಯ ಮೋಟಾರುಗಳು ಕೆಲಸ ಮಾಡುತ್ತವೆ.

ನಮ್ಮ ಕಡೆ ಮೋಟಾರನ್ನು ಕೆಡಿಸುವುದು ಅದರ ಬಿಡುವು. ಕರಾವಳಿಯಲ್ಲಿ ಮೋಟಾರು ದಿನವೂ ನೀರಿಗಿಳಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೆರೆ ತುಂಬಿದ ವರ್ಷ ಓಡುತ್ತದೆ, ನೀರು ಇಳಿದರೆ ಶೆಡ್ಡಿನ ಮೂಲೆ ಸೇರುತ್ತದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. 2021ರ ಕೊನೆಯ ಮಳೆಗೆ ಎಷ್ಟೋ ಕೆರೆಗಳು ಬಹಳ ಕಾಲದ ಮೇಲೆ ಕೋಡಿ ಬಿದ್ದವು. ಆಗ ಮೀನುಗಾರಿಕೆಗೆ, ದೋಣಿ ವಿಹಾರಕ್ಕೆ ಹಳೆಯ ಮೋಟಾರುಗಳನ್ನು ಮಂಗಳೂರು, ಮಲ್ಪೆ ಕಡೆಯಿಂದ ತಂದವರಿದ್ದಾರೆ. ನಾನು ಪವರ್ ಸ್ಪ್ರೇಯರ್, ಪಂಪ್‌ಸೆಟ್ಟು ರಿಪೇರಿ ಮಾಡುವವನು. ಎಂಟರಿಂದ ಹದಿನೈದು ಅಶ್ವಶಕ್ತಿಯ ಇಂಥ ಮೋಟಾರುಗಳೂ ನನ್ನ ಬೆಂಚಿಗೆ ಬರುತ್ತವೆ. ಬರುವ ಹೊತ್ತಿಗೆ, ಪೆಟ್ರೋಲಿಗೆ ಗಾಳಿ ಬೆರೆಸುವ ಅವುಗಳ ಕಾರ್ಬ್ಯುರೇಟರಿನ ಸ್ಕ್ರೂಗಳೆಲ್ಲ ಯಾರ್‍ಯಾರದೋ ಕೈಯಲ್ಲಿ ತಿರುಗಿ ಹೋಗಿರುತ್ತವೆ. ಇದನ್ನು ಬರೆಯಲು ಅದೇ ಕಾರಣ. ಪೆಟ್ರೋಲು ಮತ್ತು ಕಿಡಿ ಎರಡನ್ನೂ ನೋಡಿ ಮುಗಿಸುವ ತನಕ ದಯವಿಟ್ಟು ಕಾರ್ಬ್ಯುರೇಟರಿಗೆ ಸ್ಕ್ರೂಡ್ರೈವರ್ ಹಾಕಬೇಡಿ.

ಮೊದಲು ಎಚ್ಚರಿಕೆಯ ಮಾತು. ಮೋಟಾರಿನ ತಲೆಯ ಕವಚ ತೆಗೆದ ಮೇಲೆ, ಹಗ್ಗ ಎಳೆದಾಗ ತಿರುಗುವ ಭಾರದ ಚಕ್ರ, ಎಂದರೆ ಫ್ಲೈವೀಲು, ಬಯಲಾಗಿ ತಿರುಗುತ್ತದೆ. ಹೆಗಲ ಮೇಲಿನ ಟವಲು, ಸಡಿಲ ತೋಳಿನ ಅಂಗಿ, ಇಳಿಬಿಟ್ಟ ಪಂಚೆ ಹತ್ತಿರ ಇರಕೂಡದು. ಗೇರು ನ್ಯೂಟ್ರಲ್‌ನಲ್ಲಿರಲಿ. ನೀರಿಲ್ಲದೆ ಮೋಟಾರನ್ನು ಕೆಲವೇ ಸೆಕೆಂಡು ಓಡಿಸಿದರೂ ತಳದ ನೀರಿನ ಪಂಪಿನ ರಬ್ಬರ್ ರೆಕ್ಕೆ ಸುಟ್ಟುಹೋಗಬಹುದು. ದಡದಲ್ಲಿ ಪರೀಕ್ಷೆ ಮಾಡುವುದಾದರೆ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಗಡು ಮುಳುಗುವಂತೆ ಮೋಟಾರನ್ನು ಇಳಿಸಿ.

ಬಿಚ್ಚುವ ಮುನ್ನ

ಬೆಂಚಿಗೆ ಬರುವ ಎಷ್ಟೋ ಮೋಟಾರುಗಳಲ್ಲಿ ದೋಷವೇ ಇರುವುದಿಲ್ಲ, ಸ್ಟಾರ್ಟ್ ಮಾಡುವ ಕ್ರಮ ತಪ್ಪಿರುತ್ತದೆ. ಎಲ್ಲಕ್ಕಿಂತ ಮೊದಲು ತುರ್ತು ನಿಲುಗಡೆಯ ಕೆಂಪು ದಾರದ ಕ್ಲಿಪ್ಪು ನೋಡಿ. ಓಡಿಸುವವನು ನೀರಿಗೆ ಬಿದ್ದರೆ ಮೋಟಾರು ತಾನೇ ನಿಲ್ಲಲೆಂದು ಇರುವ ಕ್ಲಿಪ್ಪು ಅದು. ಅದು ಜಾಗದಲ್ಲಿ ಇಲ್ಲದಿದ್ದರೆ ಕಿಡಿ ಹುಟ್ಟುವುದಿಲ್ಲ, ಸಂಜೆಯವರೆಗೆ ಎಳೆದರೂ ಅಷ್ಟೆ. ಎರಡನೆಯದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ. ಸಾಗಿಸುವಾಗ ಚೆಲ್ಲದಿರಲೆಂದು ಬಿಗಿ ಮಾಡಿದ್ದನ್ನು ನೀರಿಗಿಳಿಸಿದಾಗ ಸಡಿಲಿಸಲು ಮರೆಯುತ್ತಾರೆ. ಟ್ಯಾಂಕಿನೊಳಗೆ ಗಾಳಿ ಹೋಗದಿದ್ದರೆ ಪೆಟ್ರೋಲು ಹೊರಗೆ ಬಾರದು. ಬಿಸಿಲೇರಿದಂತೆ ಅದೇ ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಹೆಚ್ಚಿ ಪೆಟ್ರೋಲು ತಾನಾಗಿ ನುಗ್ಗುತ್ತದೆ. ಆಗ ಸ್ಟಾರ್ಟ್ ಆಗುವ ಮೋಟಾರನ್ನು ನೋಡಿ, ಬೆಳಿಗ್ಗೆ ಚಳಿಗೇ ನಿಂತಿತ್ತು ಎಂದು ಜನ ತೀರ್ಮಾನಿಸುತ್ತಾರೆ.

ಕೊಳವೆಯ ನಡುವಿನ ರಬ್ಬರ್ ಬಲ್ಬನ್ನು, ಅದರ ಮೇಲಿನ ಬಾಣ ಮೋಟಾರಿನ ಕಡೆಗಿದೆಯೇ ನೋಡಿಕೊಂಡು, ಆ ತುದಿ ಮೇಲಕ್ಕೆ ಬರುವಂತೆ ಹಿಡಿದು ಗಟ್ಟಿಯಾಗುವ ತನಕ ಹಿಸುಕಿ. ಮಲಗಿಸಿ ಹಿಸುಕಿದರೆ ಒಳಗಿನ ಸಣ್ಣ ಕವಾಟಗಳು ಸರಿಯಾಗಿ ಕೂರುವುದಿಲ್ಲ. ಕಾರ್ಬ್ಯುರೇಟರಿಗೆ ಹೋಗುವ ಗಾಳಿಯನ್ನು ತಡೆಯುವ ಚೋಕನ್ನು ಪೂರ್ತಿ ಎಳೆಯಿರಿ, ಹಿಡಿಯ ಮೇಲಿನ ಸ್ಟಾರ್ಟ್ ಗುರುತಿಗೆ ಥ್ರಾಟಲ್ ತಿರುಗಿಸಿ. ಹಗ್ಗವನ್ನು ನಿಧಾನವಾಗಿ, ಒಳಗೆ ಹಲ್ಲು ಕಚ್ಚಿಕೊಳ್ಳುವ ತನಕ ಎಳೆದು, ಆಮೇಲೆ ಒಂದೇ ಬೀಸಿಗೆ ಚುರುಕಾಗಿ ಎಳೆಯಿರಿ. ಕಿಡಿಯ ಬಲ ಫ್ಲೈವೀಲು ತಿರುಗುವ ವೇಗವನ್ನು ಅವಲಂಬಿಸಿದೆ, ಹತ್ತು ಅರೆಮನಸ್ಸಿನ ಎಳೆತಗಳಿಗಿಂತ ಒಂದು ಬಿರುಸಾದ ಎಳೆತ ಮೇಲು. ಕೆಮ್ಮಿದ ಕೂಡಲೇ ಚೋಕನ್ನು ಅರ್ಧಕ್ಕೆ ತಳ್ಳಿ. ಇಷ್ಟನ್ನೂ ಸರಿಯಾಗಿ ಮಾಡಿದ ಮೇಲೂ ಮೋಟಾರು ಮೌನವಾಗಿದ್ದರೆ ಮುಂದಕ್ಕೆ ಓದಿ.

ಪ್ಲಗ್ ಏನು ಹೇಳುತ್ತದೆ

ಐದಾರು ಸಲ ಎಳೆದ ಕೂಡಲೇ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಪ್ಲಗ್ ಒಣಗಿದ್ದರೆ ಪೆಟ್ರೋಲು ಸಿಲಿಂಡರನ್ನು ತಲುಪಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ. ಆದರೆ ಕಿಡಿ ಇಲ್ಲ, ಅಥವಾ ಬಂದ ಪೆಟ್ರೋಲು ಹೊತ್ತಿಕೊಳ್ಳುವ ಸ್ಥಿತಿಯಲ್ಲಿಲ್ಲ. ಈ ಒಂದು ನೋಟದಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಎರಡು ಸಿಲಿಂಡರಿನ ಮೋಟಾರಾದರೆ ಎರಡೂ ಪ್ಲಗ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದು ಒದ್ದೆ, ಇನ್ನೊಂದು ಒಣಗಿದೆ ಎಂದರೆ ಟ್ಯಾಂಕು, ಬಲ್ಬುಗಳನ್ನು ಬಿಟ್ಟು ಆ ಒಂದು ಸಿಲಿಂಡರಿನ ಹಾದಿ ಹಿಡಿಯಬಹುದು.

ಬಣ್ಣವನ್ನೂ ಗಮನಿಸಿ. ತಿಳಿ ಕಂದು ಬಣ್ಣ ಸರಿ. ಕಪ್ಪಗೆ, ಎಣ್ಣೆ ಜಿಡ್ಡಿನಿಂದ ಹೊಳೆಯುತ್ತಿದ್ದರೆ ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಹೆಚ್ಚಾಗಿದೆ ಎಂದು ಅನುಮಾನಿಸಿ. ಇದು ನಮ್ಮ ಜಿಲ್ಲೆಗಳಲ್ಲಿ ಬಹಳ ಸಾಮಾನ್ಯ. ಟೊಮೆಟೊ, ದ್ರಾಕ್ಷಿ ತೋಟಗಳಲ್ಲಿ ಪವರ್ ಸ್ಪ್ರೇಯರ್ ಬಳಸಿ ಪಳಗಿದ ಕೈಗಳು ಅದೇ ಅಭ್ಯಾಸದಲ್ಲಿ, ಅಳತೆಯಿಲ್ಲದೆ ಮುಚ್ಚಳದ ಲೆಕ್ಕದಲ್ಲಿ ಆಯಿಲ್ ಸುರಿಯುತ್ತವೆ. 50ಕ್ಕೆ 1ರ ಅನುಪಾತವೆಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್. ಹೆಚ್ಚು ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಎಂಬ ನಂಬಿಕೆಯಿಂದ ಬೆಳಗಿನ ಪ್ಲಗ್ ಹಾಳಾಗುತ್ತದೆ. ಅನುಪಾತ ಮಾದರಿಯಿಂದ ಮಾದರಿಗೆ ಬೇರೆ, ಮೋಟಾರಿನ ಪುಸ್ತಕದಲ್ಲಿ ಇದ್ದಷ್ಟೇ ಹಾಕಿ. ಆಯಿಲ್ ಕೂಡ ನೀರಿನಲ್ಲಿ ಓಡುವ ಮೋಟಾರುಗಳಿಗೆಂದೇ ಮಾಡಿದ ಟಿಸಿ-ಡಬ್ಲ್ಯು3 ದರ್ಜೆಯದಾಗಿರಲಿ.

ಹೊಸ ಪ್ಲಗ್ ಕೊಳ್ಳುವಾಗ ಅಂಗಡಿಯವರು ಕೊಟ್ಟದ್ದನ್ನು ಹಾಗೆಯೇ ತರಬೇಡಿ. ಸಣ್ಣ ಟೂ-ಸ್ಟ್ರೋಕ್ ಮೋಟಾರುಗಳಲ್ಲಿ ಎನ್‌ಜಿಕೆ ಬಿ7ಎಚ್‌ಎಸ್ ಬಹಳ ಬಳಕೆಯಲ್ಲಿರುವ ಪ್ಲಗ್. ಅದರ ಮರೆ (ತೂತಿನೊಳಗೆ ಸ್ಕ್ರೂವಿನಂತೆ ತಿರುಗಿ ಕೂರುವ ಭಾಗ) ಗಿಡ್ಡ, 12.7 ಮಿಲಿಮೀಟರ್. ‘ಎಚ್’ ಬದಲು ‘ಇ’ ಇರುವ ಪ್ಲಗ್‌ನ ಮರೆ 19 ಮಿಲಿಮೀಟರ್. ಅದೂ ಅದೇ ತೂತಿನಲ್ಲಿ ಸಲೀಸಾಗಿ ಕೂರುತ್ತದೆ, ಮೊದಲ ಎಳೆತಕ್ಕೇ ಪಿಸ್ಟನ್ನಿಗೆ ತಾಗಬಹುದು. 7ರ ಬದಲು 8 ಇದ್ದರೆ ಅದು ಇನ್ನಷ್ಟು ತಂಪಿನ ಪ್ಲಗ್. ಕೆರೆಯಲ್ಲಿ ನಿಧಾನವಾಗಿ ಓಡುವ ಮೋಟಾರಿನಲ್ಲಿ ಅದು ತನ್ನ ಮಸಿಯನ್ನು ತಾನು ಸುಟ್ಟುಕೊಳ್ಳುವಷ್ಟು ಬಿಸಿಯಾಗುವುದಿಲ್ಲ, ಬೇಗ ಕಟ್ಟಿಕೊಳ್ಳುತ್ತದೆ.

ಅರ್ಧ ಚಮಚದ ಪರೀಕ್ಷೆ

ನನಗೆ ಅತ್ಯಂತ ನಂಬಿಕೆಯ ಪರೀಕ್ಷೆ ಇದು. ಇವತ್ತೇ ಬಂಕಿನಿಂದ ತಂದ ಪೆಟ್ರೋಲಿಗೆ ಸರಿಯಾದ ಅಳತೆಯಲ್ಲಿ ಆಯಿಲ್ ಬೆರೆಸಿ, ಅದರಲ್ಲಿ ಅರ್ಧ ಚಮಚದಷ್ಟನ್ನು ಪ್ಲಗ್ ತೂತಿನ ಮೂಲಕ ಸಿಲಿಂಡರಿಗೆ ಬಿಡಿ. ಡಬ್ಬದ ಬಾಯಿ ಮುಚ್ಚಿ ದೂರ ಇಟ್ಟು, ಪ್ಲಗ್ ಹಾಕಿ, ಎಳೆಯಿರಿ. ಒಂದೆರಡು ಸೆಕೆಂಡು ಗುಡುಗಿ ನಿಂತರೆ ಕಿಡಿಯೂ ಇದೆ, ಕಂಪ್ರೆಷನ್ನೂ (ಪಿಸ್ಟನ್ ಸಿಲಿಂಡರಿನೊಳಗೆ ಹುಟ್ಟಿಸುವ ಒತ್ತಡ) ಸಾಕಷ್ಟಿದೆ, ದೋಷವಿರುವುದು ಪೆಟ್ರೋಲಿನ ಹಾದಿಯಲ್ಲಿ. ಏನೂ ಆಗದಿದ್ದರೆ ಕಿಡಿಯ ಕಡೆ ಹೋಗಿ. ಆಯಿಲ್ ಬೆರೆಸದ ಬರೀ ಪೆಟ್ರೋಲನ್ನು ಈ ಕೆಲಸಕ್ಕೆ ಬಳಸಬೇಡಿ. ಸ್ಟಾರ್ಟಿಂಗ್ ಸ್ಪ್ರೇಯನ್ನಂತೂ ಬಳಸಲೇಬೇಡಿ, ಸಿಲಿಂಡರ್ ಗೋಡೆಯ ಎಣ್ಣೆಪದರವನ್ನು ಅದು ತೊಳೆದುಬಿಡುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇರೆ ರಕ್ಷಣೆ ಇಲ್ಲ.

ಹಳೆಯ ಪೆಟ್ರೋಲು

ಈಗ ಮುಖ್ಯ ಆರೋಪಿಯ ವಿಷಯ. ಪೆಟ್ರೋಲು ಒಂದೇ ವಸ್ತುವಲ್ಲ, ಬೇಗ ಆವಿಯಾಗುವ ಹಗುರ ಅಂಶಗಳೂ ನಿಧಾನವಾಗಿ ಆವಿಯಾಗುವ ಭಾರದ ಅಂಶಗಳೂ ಸೇರಿದ ಮಿಶ್ರಣ. ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳುವುದು ಆ ಹಗುರ ಅಂಶಗಳ ಬಲದಿಂದ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಬೇಯುತ್ತ ನಿಂತ ಟ್ಯಾಂಕಿನಿಂದ ಮೊದಲು ಹಾರಿಹೋಗುವುದೂ ಅವೇ. ಉಳಿದದ್ದು ನೋಡಲು ಪೆಟ್ರೋಲಿನಂತೆಯೇ ಇರುತ್ತದೆ, ಬಿಸಿ ಎಂಜಿನ್ನಿನಲ್ಲಿ ಉರಿಯುತ್ತದೆ ಕೂಡ. ಬೆಳಿಗ್ಗೆ ಹೊತ್ತಿಕೊಳ್ಳದ, ಮಧ್ಯಾಹ್ನ ಒಂದೇ ಎಳೆತಕ್ಕೆ ಏಳುವ ಮೋಟಾರಿನ ಒಗಟು ಬಹಳ ಸಲ ಇಲ್ಲೇ ಬಿಡುತ್ತದೆ.

ಎಥನಾಲ್ ಇದಕ್ಕೆ ಇನ್ನೊಂದು ತೊಡಕು ಸೇರಿಸಿದೆ. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಹಳೆಯ ಔಟ್‌ಬೋರ್ಡ್‌ಗಳ ಪುಸ್ತಕಗಳು ಬಹುಮಟ್ಟಿಗೆ ಶೇ 10ರ ಮೇಲೆ ಬೇಡ ಎನ್ನುತ್ತವೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಕೊರತೆಯಿರುವುದೇ ಶಾಖದ್ದು. ಅದು ಗಾಳಿಯ ತೇವವನ್ನೂ ಹೀರುತ್ತದೆ. ಕೆರೆದಂಡೆಯಲ್ಲಿ ಅರ್ಧ ತುಂಬಿದ ಟ್ಯಾಂಕು ಹಗಲು ಕಾದು ರಾತ್ರಿ ತಣಿದರೆ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಮಿಶ್ರಣದಲ್ಲಿ ನೀರಿನ ಅಂಶ ಒಂದು ಮಿತಿ ದಾಟಿದಾಗ ನೀರು, ಎಥನಾಲ್ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ತಂಪು ಹೆಚ್ಚಿದಷ್ಟೂ ಆ ಮಿತಿ ಬೇಗ ಮುಟ್ಟುತ್ತದೆ. ಟೂ-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದು ತಳದಿಂದ. ಬೆಳಿಗ್ಗೆ ಕಾರ್ಬ್ಯುರೇಟರಿಗೆ ಮೊದಲು ಹೋಗುವುದು ಆಯಿಲ್ ಇಲ್ಲದ, ನೀರು ಬೆರೆತ ಎಥನಾಲ್. ಅದು ಹೊತ್ತಿಕೊಳ್ಳುವುದಿಲ್ಲ ಎಂಬುದಕ್ಕಿಂತ, ಹೇಗೋ ಹೊತ್ತಿಕೊಂಡರೆ ಎಣ್ಣೆಯಿಲ್ಲದೆ ಪಿಸ್ಟನ್ ಸವೆಯುತ್ತದೆ ಎಂಬುದು ನನಗೆ ಹೆಚ್ಚು ಭಯದ ಸಂಗತಿ.

ಪರೀಕ್ಷೆಗೆ ಒಂದು ಬಣ್ಣವಿಲ್ಲದ ಗಾಜಿನ ಬಾಟಲಿ ಸಾಕು. ಕಾರ್ಬ್ಯುರೇಟರಿನ ತಳದ ಬಟ್ಟಲಿಗೆ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ಸಡಿಲಿಸಿ, ಬಟ್ಟಲಿನಲ್ಲಿ ಇರುವುದನ್ನೆಲ್ಲ ಬಾಟಲಿಗೆ ಇಳಿಸಿ. ಟ್ಯಾಂಕಿನ ತಳದಿಂದಲೂ ಇನ್ನೊಂದು ಬಾಟಲಿಗೆ ತೆಗೆಯಿರಿ. ಕಾಲು ಗಂಟೆ ಅಲುಗಿಸದೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿ. ಕೆಟ್ಟ ಮಾದರಿಯಲ್ಲಿ ತಳದಲ್ಲಿ ಬೇರೆಯೇ ಒಂದು ಪದರ ಕೂತಿರುತ್ತದೆ. ಬಾಟಲಿಯನ್ನು ಓರೆ ಮಾಡಿದರೆ ಎರಡು ಪದರಗಳ ನಡುವಿನ ಗೆರೆ ಸ್ಪಷ್ಟವಾಗಿ ಓರೆಯಾಗುತ್ತದೆ, ಮೇಲಿನದು ಆಯಿಲ್ಲಿನ ನೀಲಿಯೋ ಹಸಿರೋ ಛಾಯೆ ಹಿಡಿದಿದ್ದರೆ ಕೆಳಗಿನದು ಬಣ್ಣವಿಲ್ಲದೆ ಮಸುಕಾಗಿರುತ್ತದೆ. ಬಟ್ಟಲಿನಿಂದ ಬಂದ ಹನಿಗಳಲ್ಲಿ ಬಿಳಿಯ ಪುಡಿಯಂಥದ್ದು ಕಂಡರೆ ಅಲ್ಯೂಮಿನಿಯಂ ತಿಂದುಹೋಗಿರುವ ಗುರುತು. ಹಳದಿಗೆ ತಿರುಗಿ ವಾರ್ನಿಷ್ ವಾಸನೆ ಬಂದರೆ ಪೆಟ್ರೋಲು ಹಳಸಿದೆ. ಮೂರರಲ್ಲಿ ಯಾವುದು ಕಂಡರೂ ಟ್ಯಾಂಕು, ಕೊಳವೆ, ಬಟ್ಟಲು ಎಲ್ಲವನ್ನೂ ಖಾಲಿ ಮಾಡಿ. ಟ್ಯಾಂಕಿಗೆ ಮಾತ್ರ ಹೊಸ ಪೆಟ್ರೋಲು ತುಂಬಿ, ಬಟ್ಟಲಿನಲ್ಲಿ ಹಳೆಯದನ್ನೇ ಉಳಿಸಿಕೊಂಡು, ಹೊಸ ಪೆಟ್ರೋಲಿಗೂ ಏಳಲಿಲ್ಲ ಎನ್ನುವವರು ಬಹಳ.

ಕರಾವಳಿಯಿಂದ ಬಂದ ಮೋಟಾರುಗಳಲ್ಲಿ ಇನ್ನೊಂದು ಸಾಧ್ಯತೆಯನ್ನು ಮರೆಯಬಾರದು. ಬಂಗಾರಪೇಟೆ ಕಡೆಯ ಕೆರೆಯೊಂದರಿಂದ ಒಬ್ಬರು ಮೋಟಾರು ತಂದು, “ಅಣ್ಣ, ಪ್ಲಗ್ ಹೊಸದು, ಪೆಟ್ರೋಲು ನಿನ್ನೆಯದು, ಕಾರ್ಬ್ಯುರೇಟರ್ ಬಿಚ್ಚಿಸಿ ತೊಳೆಸಿದ್ದೇನೆ, ಆದರೂ ಜೀವ ಬರುತ್ತಿಲ್ಲ” ಎಂದರು. ಬಟ್ಟಲಿನಿಂದ ಇಳಿದದ್ದನ್ನು ಬೆರಳಿನ ಮೇಲೆ ಉಜ್ಜಿದೆ. ಪೆಟ್ರೋಲಾದರೆ ಚರ್ಮ ತಣ್ಣಗಾಗಿ ಕ್ಷಣದಲ್ಲಿ ಒಣಗುತ್ತದೆ. ಇದು ಜಿಡ್ಡಾಗಿ ಹಾಗೆಯೇ ನಿಂತಿತು. ಸೀಮೆಎಣ್ಣೆ. ಮೀನುಗಾರರ ಮೋಟಾರುಗಳಲ್ಲಿ ಪೆಟ್ರೋಲಿನಿಂದ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮಾದರಿಗಳಿವೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಬಟ್ಟಲಿನಲ್ಲಿ ಪೆಟ್ರೋಲು ತುಂಬಿಕೊಂಡ ಮೇಲೆ ನಿಲ್ಲಿಸಬೇಕು. ಇವರ ಮೋಟಾರಿನಲ್ಲಿ ಎರಡು ಹಾದಿಯ ನಲ್ಲಿ ಸೀಮೆಎಣ್ಣೆಯ ಕಡೆಗೇ ತಿರುಗಿತ್ತು, ಆ ಕೊಳವೆಯಲ್ಲಿ ಹಳೆಯ ಸೀಮೆಎಣ್ಣೆ ಉಳಿದಿತ್ತು. ಸೀಮೆಎಣ್ಣೆ 38 ಡಿಗ್ರಿಯ ಆಸುಪಾಸಿನಲ್ಲಿ ಇಲ್ಲವೇ ಅದಕ್ಕೂ ಮೇಲೆ ಮಾತ್ರ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಬಿಡುತ್ತದೆ. ತಣ್ಣಗಿನ ಎಂಜಿನ್ನಿಗೆ ಸೀಮೆಎಣ್ಣೆಯಿಂದ ಜೀವ ಬರುವುದು ಎಲ್ಲಿಂದ? ನಲ್ಲಿ ತಿರುಗಿಸಿ, ಬಟ್ಟಲು ಖಾಲಿ ಮಾಡಿ ತುಂಬಿದ ಮೇಲೆ ಮೋಟಾರು ಎದ್ದಿತು.

ಪೆಟ್ರೋಲು ಬರುತ್ತಲೇ ಇಲ್ಲವೆಂದರೆ

ಬಲ್ಬು ಎಷ್ಟು ಹಿಸುಕಿದರೂ ಗಟ್ಟಿಯಾಗುವುದಿಲ್ಲವೇ? ಹಾಗಾದರೆ ಗಾಳಿ ನುಸುಳುತ್ತಿದೆ, ಇಲ್ಲವೇ ಬಲ್ಬಿನ ಕವಾಟ ಸತ್ತಿದೆ, ಇಲ್ಲವೇ ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ತೆರೆದೇ ಸಿಕ್ಕಿಕೊಂಡು ಪೆಟ್ರೋಲು ಬಾಯಿಯಿಂದ ಸುರಿಯುತ್ತಿದೆ. ಮೂರನೆಯದಾದರೆ ವಾಸನೆಯೇ ಹೇಳುತ್ತದೆ, ತಕ್ಷಣ ನಿಲ್ಲಿಸಿ. ಬಟ್ಟಲಿನ ಪಕ್ಕಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಸೂಜಿ ಬಿಡುತ್ತದೆ.

ಗಾಳಿ ನುಸುಳುವ ಜಾಗವನ್ನು ಹುಡುಕುವುದು ತಾಳ್ಮೆಯ ಕೆಲಸ. ಮೋಟಾರು ಓಡುವಾಗ ಕೊಳವೆಯಲ್ಲಿ ಇರುವುದು ಸೆಳೆತ, ಆದ್ದರಿಂದ ಬಿರುಕಿನಿಂದ ಪೆಟ್ರೋಲು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಬಲ್ಬು ಹಿಸುಕುವಾಗ ಮಾತ್ರ ಒತ್ತಡ. ಒಬ್ಬರು ಬಲ್ಬು ಹಿಸುಕಿ ಬಿಗಿಯಾಗಿ ಹಿಡಿದಿರಲಿ, ಇನ್ನೊಬ್ಬರು ಟಾರ್ಚು ಹಾಕಿ ಪ್ರತಿ ಜೋಡಣೆಯನ್ನೂ ನೋಡಲಿ. ಮೋಟಾರಿಗೆ ಕೊಳವೆ ಸಿಕ್ಕಿಸುವ ಕನೆಕ್ಟರಿನೊಳಗಿನ ರಬ್ಬರ್ ಉಂಗುರವೇ ಮೊದಲ ಅನುಮಾನ, ಅದು ಚಪ್ಪಟೆಯಾಗಿ ಬಿರುಕು ಬಿಟ್ಟಿರುತ್ತದೆ. ಹಳೆಯ ರಬ್ಬರ್ ಕೊಳವೆ ಎಥನಾಲಿಗೆ ಊದಿಕೊಂಡು ಒಳಪದರ ಕಳಚಿಕೊಂಡಿರುವುದೂ ಉಂಟು. ಹೊರಗಿನಿಂದ ಚೆನ್ನಾಗಿ ಕಾಣುವ ಆ ಕೊಳವೆ ಒಳಗೆ ಮುಚ್ಚಿಕೊಂಡಿರುತ್ತದೆ. ಕೊಳವೆ ಹಳೆಯದೆಂದು ಕಂಡರೆ ಬದಲಾಯಿಸಿಬಿಡಿ, ಅದರ ಬೆಲೆ ನಿಮ್ಮ ಒಂದು ಬೆಳಗಿನ ಕೆಲಸಕ್ಕಿಂತ ಹೆಚ್ಚಲ್ಲ.

ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ಸಾಯುತ್ತದೆ, ಯಾರಾದರೂ ಬಲ್ಬು ಹಿಸುಕುತ್ತಿದ್ದರೆ ಮಾತ್ರ ಬದುಕಿರುತ್ತದೆ ಎಂದರೆ ಪೆಟ್ರೋಲ್ ಪಂಪಿನ ಡಯಾಫ್ರಂ ನೋಡಿ. ತೆಳುವಾದ ಆ ಹಾಳೆಯನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಹೊಲಿಯುವುದು, ಅಂಟಿಸುವುದು ಇಲ್ಲಿ ನಡೆಯದು.

ಚೋಕ್ ಮತ್ತು ಕಾರ್ಬ್ಯುರೇಟರ್

ಚೋಕ್ ಹಿಡಿ ಎಳೆದರೆ ಸಾಲದು, ಒಳಗಿನ ತಗಡು ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ಎಂದು ಕಣ್ಣಾರೆ ನೋಡಿ. ಹಿಡಿ ಮತ್ತು ತಗಡಿನ ನಡುವಿನ ಪ್ಲಾಸ್ಟಿಕ್ ಜೋಡಣೆ ಸವೆದು, ತಗಡು ಮುಕ್ಕಾಲಿಗೆ ನಿಲ್ಲುವುದು ಹಳೆಯ ಮೋಟಾರುಗಳಲ್ಲಿ ಮಾಮೂಲು. ಉಳಿದ ಕಾಲು ಭಾಗದಿಂದ ನುಗ್ಗುವ ಗಾಳಿ ಚಳಿಯ ಬೆಳಗಿನ ಮಿಶ್ರಣವನ್ನು ಕೆಡಿಸಲು ಸಾಕು.

ಚೋಕ್ ಎಳೆದಿರುವಾಗ ಓಡಿ, ತಳ್ಳಿದ ಕೂಡಲೇ ಸಾಯುವ ಮೋಟಾರಿನಲ್ಲಿ ನಿಧಾನ ಓಟಕ್ಕೆ ಪೆಟ್ರೋಲು ಬಿಡುವ ಸಣ್ಣ ತೂತಿನ ಐಡಲ್ ಜೆಟ್ ಕಟ್ಟಿದೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಥ್ರಾಟಲ್ ಜಾಸ್ತಿ ಮಾಡಿದಾಗ ಚೆನ್ನಾಗಿ ಓಡಿ, ಕಡಿಮೆ ಮಾಡಿದಾಗ ನಿಂತರೂ ಅದೇ. ತಿಂಗಳುಗಟ್ಟಲೆ ಬಟ್ಟಲಿನಲ್ಲಿ ಒಣಗಿದ ಪೆಟ್ರೋಲು ಬಿಟ್ಟುಹೋದ ಅಂಟು, ಸೂಜಿಯ ಮೊನೆಯಷ್ಟು ಸಣ್ಣ ಆ ತೂತನ್ನು ಮುಚ್ಚಿರುತ್ತದೆ. ಕಾರ್ಬ್ಯುರೇಟರಿಗೆ ಸ್ಕ್ರೂಡ್ರೈವರ್ ಹಾಕುವ ಕಾಲ ಈಗ ಬಂತು. ಬಿಚ್ಚುವ ಮೊದಲು, ನಿಧಾನ ಓಟದ ಮಿಶ್ರಣವನ್ನು ಹೊಂದಿಸುವ ಐಡಲ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ, ತಳ ಮುಟ್ಟಲು ಎಷ್ಟು ಸುತ್ತು ಬೇಕಾಯಿತೆಂದು ಬರೆದಿಟ್ಟುಕೊಳ್ಳಿ. ಬಹುತೇಕ ಮೋಟಾರುಗಳಲ್ಲಿ ಅದು ಒಂದರಿಂದ ಎರಡು ಸುತ್ತಿನ ನಡುವೆ ಇರುತ್ತದೆ. ತಳ ಮುಟ್ಟಿದ ಮೇಲೆ ಬಲ ಹಾಕಿದರೆ ಸ್ಕ್ರೂವಿನ ಮೊನೆ ಶಾಶ್ವತವಾಗಿ ಕೆಡುತ್ತದೆ. ಜೆಟ್ಟನ್ನು ಕ್ಲೀನರಿನಲ್ಲಿ ನೆನೆಸಿ ಗಾಳಿಯಿಂದ ಊದಿ. ತೀರಾ ಕಟ್ಟಿದ್ದರೆ ವಿದ್ಯುತ್ ತಂತಿಯ ಒಂದೇ ಒಂದು ತಾಮ್ರದ ಎಳೆ ಬಳಸಿ. ಉಕ್ಕಿನ ತಂತಿ, ಸೂಜಿ ಬೇಡ, ತೂತು ದೊಡ್ಡದಾದರೆ ಆ ಜೆಟ್ ಮುಗಿಯಿತು. ಬೆಳಕಿಗೆ ಹಿಡಿದಾಗ ತೂತು ದುಂಡಗೆ, ಅಂಚು ಚೊಕ್ಕಟವಾಗಿ ಕಾಣಬೇಕು.

ಎತ್ತರದ ವಿಷಯವನ್ನು ನಮ್ಮವರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಲ್ಪೆಯ ಗಾಳಿಗಿಂತ ಶೇ 8ರಷ್ಟು ತೆಳು. ಅಲ್ಲಿ ಹೊಂದಿಸಿದ ಕಾರ್ಬ್ಯುರೇಟರು ಇಲ್ಲಿ ಸ್ವಲ್ಪ ಹೆಚ್ಚು ಪೆಟ್ರೋಲು ಕೊಡುತ್ತದೆ. ಅದರಿಂದ ಮೊದಲ ಕೆಮ್ಮು ಬರಲು ತೊಂದರೆಯಿಲ್ಲ. ಆದರೆ ನಿಧಾನ ಓಟದಲ್ಲಿ ಪ್ಲಗ್ ಕಪ್ಪಾಗುತ್ತದೆ, ಕಪ್ಪಾದ ಪ್ಲಗ್ ಮರುದಿನ ಬೆಳಿಗ್ಗೆ ಕಾಡುತ್ತದೆ. ಎಲ್ಲ ಸರಿಪಡಿಸಿದ ಮೇಲೂ ಪ್ಲಗ್ ಪದೇಪದೇ ಕಪ್ಪಾಗುತ್ತಿದ್ದರೆ, ಎಂಜಿನ್ ಬಿಸಿಯಾಗಿರುವಾಗ ಐಡಲ್ ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಭಾಗದಷ್ಟು ಸಣ್ಣ ಹೆಜ್ಜೆಗಳಲ್ಲಿ ಹೊಂದಿಸಿ ನೋಡಿ.

ಕಿಡಿಯ ಪರೀಕ್ಷೆ

ಪ್ಲಗ್ ಒದ್ದೆಯಿದ್ದು ಅರ್ಧ ಚಮಚದ ಪರೀಕ್ಷೆಗೂ ಮೋಟಾರು ಉಸಿರೆತ್ತದಿದ್ದರೆ ಕಿಡಿ ನೋಡಬೇಕು. ಅದಕ್ಕೂ ಮೊದಲು ಚೆಲ್ಲಿದ ಪೆಟ್ರೋಲು ಒರೆಸಿ, ಟ್ಯಾಂಕನ್ನು ದೂರ ಸರಿಸಿ, ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಬಣ್ಣವಿಲ್ಲದ ಬರಿ ಲೋಹಕ್ಕೆ ಒತ್ತಿ ಹಿಡಿದು, ಮತ್ತೊಬ್ಬರಿಂದ ಹಗ್ಗ ಎಳೆಸಿ. ಒತ್ತಿ ಹಿಡಿಯಲು ರಬ್ಬರ್ ಹಿಡಿಯ ಇಕ್ಕಳ ಬಳಸಿ, ಬರಿಗೈ ಬೇಡ. ಎರಡು ಸಿಲಿಂಡರಾದರೆ ಎರಡೂ ಪ್ಲಗ್‌ಗಳು ಲೋಹಕ್ಕೆ ತಾಗಿರಲಿ, ಒಂದನ್ನು ಗಾಳಿಯಲ್ಲಿ ಬಿಟ್ಟರೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲಿಗೆ ಪೆಟ್ಟು. ನೆರಳಿನಲ್ಲಿ ನೀಲಿಯಾಗಿ ಚಟಚಟ ಸದ್ದಿನ ಕಿಡಿ ಕಂಡರೆ ಒಳ್ಳೆಯದು. ಹಳದಿಯಾಗಿ ಬಡಕಲಾಗಿದ್ದರೆ ದುರ್ಬಲ.

ಕಿಡಿಯೇ ಇಲ್ಲವೆಂದರೆ ನಿಲುಗಡೆ ಸ್ವಿಚ್ಚಿನ ತಂತಿಯನ್ನು ಕಳಚಿ ಮತ್ತೆ ನೋಡಿ. ಉಪ್ಪು ಗಾಳಿಯಲ್ಲಿ ಬಾಳಿದ ಮೋಟಾರಿನ ಸ್ವಿಚ್ಚು ಒಳಗೇ ತುಕ್ಕು ಹಿಡಿದು, ಸದಾ ಒತ್ತಿದಂತೆ ಕೂತಿರುತ್ತದೆ. ತಂತಿ ಕಳಚಿದಾಗ ಕಿಡಿ ಬಂದರೆ ದೋಷ ಸ್ವಿಚ್ಚಿನದು. ಹಾಗೆಯೇ ಓಡಿಸುವ ಆಸೆ ಬೇಡ, ಆಗ ಮೋಟಾರನ್ನು ತಕ್ಷಣ ನಿಲ್ಲಿಸಲು ಚೋಕ್ ಒಂದೇ ದಾರಿ, ನೀರಿಗೆ ಬಿದ್ದವರ ರಕ್ಷಣೆಗಿದ್ದ ಕ್ಲಿಪ್ಪು ಕೆಲಸಕ್ಕೆ ಬಾರದು. ಕಾಯಿಲಿನ ಭೂಸ್ಪರ್ಶದ ಬೋಲ್ಟು ಬಿಚ್ಚಿ ಎಮರಿ ಕಾಗದದಿಂದ ಉಜ್ಜಿ. ಪಾಯಿಂಟ್ (ಕಿಡಿಯ ಹೊತ್ತಿಗೆ ತೆರೆದು ಮುಚ್ಚುವ ಸ್ವಿಚ್ಚು) ಇರುವ ತೀರ ಹಳೆಯ ಮಾದರಿಯಾದರೆ ಪಾಯಿಂಟಿನ ಮೇಲಿನ ಜಂಗು ತೆಗೆದು, ಪುಸ್ತಕದಲ್ಲಿ ಹೇಳಿದ ಅಂತರಕ್ಕೆ ಹೊಂದಿಸಿ.

ಮಂಜಿನ ಬೆಳಗಿನಲ್ಲಿ ಮಾತ್ರ ಕಾಡುವ ಒಂದು ದೋಷವಿದೆ. ಪ್ಲಗ್ ತಂತಿಯ ರಬ್ಬರಿನಲ್ಲಿ ಸಣ್ಣ ಬಿರುಕಿದ್ದು ಇಬ್ಬನಿ ಕೂತರೆ ಕಿಡಿ ಅಲ್ಲಿಂದಲೇ ಲೋಹಕ್ಕೆ ಹಾರಿಹೋಗುತ್ತದೆ. ಬಿಸಿಲಿಗೆ ಒಣಗಿದಾಗ ಸರಿಯಾಗಿರುತ್ತದೆ. ಕತ್ತಲಾದ ಮೇಲೆ ತಂತಿಯ ಮೇಲೆ ನೀರು ಚಿಮುಕಿಸಿ ಹಗ್ಗ ಎಳೆದರೆ ಕಿಡಿ ಹಾರುವ ಜಾಗ ಬರಿಗಣ್ಣಿಗೆ ಕಾಣುತ್ತದೆ.

ಹಗ್ಗ ಎಳೆದಾಗ ಮೋಟಾರು ಎದುರಿಗೆ ಒದೆದು ಕೈಯಿಂದ ಹಿಡಿ ಕಿತ್ತುಕೊಂಡರೆ, ಫ್ಲೈವೀಲನ್ನು ಜಾಗದಲ್ಲಿ ಹಿಡಿದಿಡುವ, ಅದರ ಕೆಳಗಿನ ಸಣ್ಣ ಲೋಹದ ಕೀ ಅರ್ಧ ತುಂಡಾಗಿ ಕಿಡಿಯ ಹೊತ್ತು ತಪ್ಪಿರಬಹುದು. ಫ್ಲೈವೀಲು ತೆಗೆಯಲು ಪುಲ್ಲರ್ ಬೇಕು, ಸುತ್ತಿಗೆಯಿಂದ ಹೊಡೆದರೆ ಒಳಗಿನ ಅಯಸ್ಕಾಂತಗಳು ಒಡೆಯುತ್ತವೆ.

ಕೊನೆಯಲ್ಲಿ ಕಂಪ್ರೆಷನ್

ಪೆಟ್ರೋಲು ಹೊಸದು, ಕಿಡಿ ನೀಲಿ, ಕಾರ್ಬ್ಯುರೇಟರು ಚೊಕ್ಕಟ, ಆದರೂ ತಣ್ಣಗಿರುವಾಗ ಏಳದು, ಬಿಸಿಯಾದ ಮೇಲೆ ಏಳುತ್ತದೆ ಎಂದರೆ ಪಿಸ್ಟನ್ನಿನ ಸುತ್ತ ಕೂತು ಒತ್ತಡ ಸೋರದಂತೆ ತಡೆಯುವ ರಿಂಗುಗಳನ್ನು ಅನುಮಾನಿಸಬೇಕು. ಎಲ್ಲ ಪ್ಲಗ್ ಬಿಚ್ಚಿ, ಪ್ಲಗ್ ತಂತಿಗಳನ್ನು ಲೋಹಕ್ಕೆ ತಾಗಿಸಿ, ಪ್ಲಗ್ ತೂತಿಗೆ ಕಂಪ್ರೆಷನ್ ಗೇಜು ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ಮೇಲೇರುವುದು ನಿಲ್ಲುವ ತನಕ ಹಗ್ಗ ಎಳೆಯಿರಿ. ಸಂಖ್ಯೆಗಿಂತ ಎರಡು ಸಿಲಿಂಡರುಗಳ ನಡುವಿನ ಹೋಲಿಕೆ ಮುಖ್ಯ, ವ್ಯತ್ಯಾಸ ಶೇ 10 ದಾಟಬಾರದು. ಇಲ್ಲಿಯೂ ಎತ್ತರ ತನ್ನ ಪಾಲು ಕೇಳುತ್ತದೆ: ಕರಾವಳಿಯಲ್ಲಿ 110 ಪಿಎಸ್‌ಐ ತೋರಿಸುವ ಎಂಜಿನ್ ಇಲ್ಲಿ 100ರ ಹತ್ತಿರ ತೋರಿಸಿದರೆ ಅದು ಸವೆತದ ಲಕ್ಷಣವಲ್ಲ. ಸೀಮೆಎಣ್ಣೆ ಮಾದರಿಗಳನ್ನು ಕಡಿಮೆ ಕಂಪ್ರೆಷನ್ನಿಗೆಂದೇ ಮಾಡಿರುತ್ತಾರೆ, ಅವನ್ನು ಪೆಟ್ರೋಲ್ ಮಾದರಿಯ ಅಂಕಿಗೆ ಹೋಲಿಸಿ ರಿಂಗು ಬದಲಾಯಿಸಲು ಹಣ ಸುರಿಯಬೇಡಿ.

ಒಂದು ಸಿಲಿಂಡರ್ ಕೆಳಗಿದ್ದರೆ, ರಿಂಗು ಮಸಿಗೆ ಅಂಟಿಕೊಂಡಿರುವ ಸಾಧ್ಯತೆ ಸವೆದಿರುವುದಕ್ಕಿಂತ ಹೆಚ್ಚು. ಮಸಿ ಕರಗಿಸುವ ದ್ರವವನ್ನು ಪ್ಲಗ್ ತೂತಿನಿಂದ ಬಿಟ್ಟು ಒಂದು ರಾತ್ರಿ ನೆನೆಸಿ, ಮರುದಿನ ಓಡಿಸಿ, ಮತ್ತೆ ಅಳೆಯಿರಿ. ಹಗ್ಗ ಎಳೆದಾಗ ಕಾರ್ಬ್ಯುರೇಟರಿನ ಬಾಯಿಗೆ ಹಿಡಿದ ಅಂಗೈ ಮೇಲೆ ಪೆಟ್ರೋಲಿನ ತುಂತುರು ಬಿದ್ದರೆ ಮಿಶ್ರಣವನ್ನು ಎಂಜಿನ್ನಿನ ಒಳಕ್ಕೆ ಮಾತ್ರ ಬಿಡುವ ರೀಡ್ ಕವಾಟದ ತಗಡು ಮುರಿದಿದೆ ಅಥವಾ ಸರಿಯಾಗಿ ಕೂರುತ್ತಿಲ್ಲ. ರಿಂಗು, ರೀಡು, ಕ್ರ್ಯಾಂಕಿನ ಸೀಲು ಇವು ಮೂರೂ ಎಂಜಿನ್ ಬಿಚ್ಚಿ ಅನುಭವವಿರುವವರ ಕೈಗೆ ಕೊಡಬೇಕಾದ ಕೆಲಸ. ಪವರ್ ಸ್ಪ್ರೇಯರ್ ಮತ್ತು ಹಳೆಯ ಟೂ-ಸ್ಟ್ರೋಕ್ ಬೈಕು ರಿಪೇರಿ ಮಾಡುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಎಂಜಿನ್ನಿನ ಒಳಭಾಗ ಅವರಿಗೆ ಹೊಸದಲ್ಲ. ತಳದ ಗೇರು, ನೀರಿನ ಪಂಪು ಮಾತ್ರ ಅವರಿಗೆ ಅಪರಿಚಿತ. ಪುಸ್ತಕವನ್ನು ಜೊತೆಗೆ ಕೊಡಿ.

ಸರಿಯಾದ ಮೋಟಾರನ್ನು ಮತ್ತೆ ಮೂಲೆಗೆ ಸೇರಿಸುವ ದಿನ ಮಾಡಬೇಕಾದದ್ದು ಇಷ್ಟು. ನೀರಿನಲ್ಲಿ ಅಥವಾ ಡ್ರಮ್ಮಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲ್ ಕೊಳವೆ ಕಳಚಿ, ತಾನಾಗಿ ನಿಲ್ಲುವ ತನಕ ಬಿಡಿ. ಬಟ್ಟಲಿನ ಸ್ಕ್ರೂ ತೆರೆದು ಉಳಿದ ಹನಿಗಳನ್ನೂ ಇಳಿಸಿ. ಪ್ಲಗ್ ತೂತಿಗೆ ಒಂದು ಚಮಚ ಟೂ-ಟಿ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ಹಾಕಿ. ಟ್ಯಾಂಕಿನಲ್ಲಿ ಉಳಿದ ಮಿಶ್ರಣ ಹೊಸದಾಗಿದ್ದರೆ, ಆಯಿಲ್ ಅನುಪಾತ ಹೊಂದುವ ಪವರ್ ಸ್ಪ್ರೇಯರಿಗೆ ಅದೇ ವಾರ ಹಾಕಿ ಮುಗಿಸಿ. ಟ್ಯಾಂಕನ್ನು ಖಾಲಿ ಮಾಡಿ, ಒಣಗಿಸಿ, ಮುಚ್ಚಳ ಬಿಗಿಮಾಡಿ ಇಡಿ. ಮೋಟಾರನ್ನು ನೆಟ್ಟಗೆ ನಿಲ್ಲಿಸಿ, ಒಳಗಿನ ನೀರು ಪೂರ್ತಿ ಬಸಿದುಹೋಗಲಿ.